ಮಾಳಿಗೆ ಮೇಲೆ ಒಣಹಾಕಿದ ಹೊಟ್ಟು

ಅಡುಗೆಮನೆಯ ಹೊಸ್ತಿಲ ಬಳಿ ಕೂತು ಪುಂಡಿಪಲ್ಯ ಬಿಡಿಸುತ್ತಿದ್ದೆ. ಎಲೆ ಒಂದು ಕಡೆ, ದಂಟು ಒಂದು ಕಡೆ. ಅರ್ಧ ಕಟ್ಟು ಮುಗಿದಿತ್ತು, ಅಷ್ಟರಲ್ಲಿ ಫೋನು ಬಂತು. ಸಿರುಗುಪ್ಪದಿಂದ ಒಬ್ಬ ಹೆಣ್ಣುಮಗಳ ದನಿ. ನಮ್ಮ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದ ಕೆಮಿಸ್ಟ್ರಿ ಮೇಡಮ್ಮಾರ ತಂಗಿ ತಾನು ಎಂದು ಗುರುತು ಹೇಳಿಕೊಂಡಳು. ಅಕ್ಕ ತೀರಿಕೊಂಡಳು, ನಿನ್ನೆ ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು ಮಾಡಿದೆವು, ಎರಡು ದಿನ ಎದೆನೋವು ಅಂತಿದ್ದಳು, ಮೂರನೇ ದಿನ ಏಳಲೇ ಇಲ್ಲ ಎಂದಳು. ಬಹಳ ನರಳಿದರೇನಮ್ಮಾ ಎಂದು ಕೇಳಿದೆ. ಇಲ್ಲ ಎಂದಳು. ಅಷ್ಟಾದರೂ ದೇವರು ಕರುಣೆ ತೋರಿದ ಎಂದುಕೊಂಡೆ.

ಈ ತಂಗಿ ನನ್ನ ಜೊತೆ ಮಾತಾಡಿದ್ದು ಎಷ್ಟೋ ವರ್ಷಗಳ ಮೇಲೆ. ಅಕ್ಕನಿಗೆ ಖಾಯಂ ನೌಕರಿ ತಪ್ಪಿದ್ದು ನನ್ನಿಂದ ಎಂದು ಆಕೆ ನಂಬಿದ್ದಳು. ಅದು ಪೂರ್ತಿ ಸುಳ್ಳಲ್ಲ.

ಮೇಡಮ್ಮಾರ ಹೆಸರು ನಾನು ಬರೆಯುವುದಿಲ್ಲ. ಅಚ್ಚಾಗಿ ಬಂದ ತಮ್ಮ ಹೆಸರನ್ನು ತಾವೇ ಪತ್ರ ಬರೆದು ತೆಗೆಸಿದವರು ಅವರು. ನಾನು ಅದನ್ನು ಮತ್ತೆ ಅಚ್ಚಿಗೆ ಕೊಡುವುದು ಸರಿಯಲ್ಲ.

ಅವರು ಬಂದದ್ದು ಬಳ್ಳಾರಿಯಲ್ಲಿ ಗಣಿ ಜೋರಿದ್ದ ಕಾಲದಲ್ಲಿ. ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದುಕೊಂಡು ಹಗಲೆಲ್ಲ ಹೋಗುತ್ತಿದ್ದವು. ಧೂಳಿಗೆ ಬೇವಿನ ಗಿಡ ಹಸಿರೋ ಕೆಂಪೋ ತಿಳಿಯುತ್ತಿರಲಿಲ್ಲ. ಕಂಟೋನ್ಮೆಂಟಿನಲ್ಲಿ ಒಂದು ಕೋಣೆ ಖಾಲಿಯಾದರೆ ಸಾಕು, ಗಣಿಯವರು ಬಂದು ಗೇಟು ಬಡಿಯುತ್ತಿದ್ದರು. ನಮ್ಮ ಯಜಮಾನರಿಗೆ ಬ್ರೂಸ್‌ಪೇಟೆಯಲ್ಲಿ ಪಾತ್ರೆ ಅಂಗಡಿ, ಅವರಿಗೆ ಅಂಥವರೇ ಗುರುತು. ಅವರಿಗೇ ಕೊಡೋಣ ಎಂದರು. ನಾನು ಮಾತ್ರ ಕೊಟ್ಟರೆ ಹೆಣ್ಣುಮಗಳಿಗೆ, ಇಲ್ಲದಿದ್ದರೆ ಕೋಣೆ ಖಾಲಿ ಬಿದ್ದಿರಲಿ ಎಂದು ಹಟ ಹಿಡಿದೆ. ಹಾಗೆ ಬಂದರು ಈ ಮೇಡಮ್ಮಾರು. ಒಂದು ಟ್ರಂಕು, ನಮಾಜಿಗೆ ಹಾಸುವ ಸುತ್ತಿದ ಜಾನಮಾಜು, ಒಂದು ಸ್ಟೋವು. ಅದರ ಹಿಂದೆ ಆಟೋದಿಂದ ಇಳಿದದ್ದು ಒಂದು ದೊಡ್ಡ ಮೂಟೆ ಭತ್ತದ ಹೊಟ್ಟು.

ಮೂಟೆ ನೋಡಿ ಯಜಮಾನರು ಸುಮ್ಮನಿರಲಿಲ್ಲ. "ಏನ್ರೀ ಮೇಡಂ, ನಮ್ಮ ಮಾಳಿಗಿ ಮ್ಯಾಲೆ ಇಟ್ಟಂಗಿ ಭಟ್ಟಿ ಹಚ್ಚವರೇನ್ರಿ?"

"ಇಲ್ರಿ ಅಣ್ಣಾರ, ಡಾಕ್ಟರೇಟ್ ಮಾಡಾಕಿ ಅದೀನಿ," ಎಂದರು ಅವರು, ನಗದೆ.

ಕುಳ್ಳಗೆ, ಸಣಕಲು ಮೈ. ಓಣಿಗೆ ಇಳಿದರೆ ಓಢಣಿಯಿಂದ ಮೂಗು ಬಾಯಿ ಬಿಗಿದು ಕಟ್ಟಿಕೊಳ್ಳುತ್ತಿದ್ದರು, ಕಣ್ಣೆರಡು ಮಾತ್ರ ಕಾಣುತ್ತಿದ್ದವು. ಬಲಗೈ ಹೆಬ್ಬೆರಳ ಉಗುರು ಯಾವಾಗಲೂ ಕಪ್ಪು. ಮಾತಾಡುವಾಗ ಹೆಬ್ಬೆರಳು, ತೋರುಬೆರಳು ಉಜ್ಜುತ್ತಾ ಇರುತ್ತಿದ್ದರು, ಪುಡಿಯ ನುಣುಪು ನೋಡುವ ಹಾಗೆ. ಪುಡಿ ಇರಲಿ ಬಿಡಲಿ. ಊಟಕ್ಕೆ ಕೂತರೆ ಮಾತಿಲ್ಲ, ಮಾತಿಗೆ ನಿಂತರೆ ಊಟದ ನೆನಪಿಲ್ಲ.

ಇನ್ನೊಂದು ಅಭ್ಯಾಸ ನಮ್ಮ ಮನೆಯವರನ್ನೆಲ್ಲ ರೇಗಿಸುತ್ತಿತ್ತು. ಯಾವುದನ್ನೂ ಅವರು ಸುಲಭಕ್ಕೆ ಇಲ್ಲ ಎನ್ನುತ್ತಿರಲಿಲ್ಲ. ಹಾಲಿನವ ಬಂದನೇನ್ರಿ ಎಂದರೆ "ನಾ ನೋಡಿಲ್ರಿ." ಓಣಿಯಲ್ಲಿ ಕರೆಂಟ್ ಇಲ್ಲೇನ್ರಿ ಎಂದರೆ "ನಮ್ಮ ಕೋಣ್ಯಾಗ ಇಲ್ಲ, ಓಣಿದು ನೋಡಿಲ್ರಿ." ಯಜಮಾನರು ಒಮ್ಮೆ ಬೇಸತ್ತು, ನಿಮಗೆ ಮದುವೆ ಆಗಿಲ್ಲವೇನ್ರಿ ಎಂದು ಕೇಳಿದರೂ ನೋಡಿಲ್ರಿ ಅಂತೀರೇನು ಎಂದು ಚೇಷ್ಟೆ ಮಾಡಿದರು. ಅದಕ್ಕೆ ಅವರು, ಅದನ್ನ ಮಾತ್ರ ನೋಡೇನ್ರಿ, ಆಗಿಲ್ಲ ಎಂದರು. ಆ ದಿನ ಮೊದಲ ಸಲ ಅವರ ಹಲ್ಲು ಕಂಡೆ.

ಅವರ ಕೆಲಸ ನನಗೆ ತಿಳಿದದ್ದು ಕೋತಿಗಳ ದೆಸೆಯಿಂದ. ನಾನು ಮಾಳಿಗೆ ಮೇಲೆ ಸಂಡಿಗೆ ಹಾಕುತ್ತಿದ್ದೆ, ಕೋತಿ ಕಾಟಕ್ಕೆ ಮೇಲೊಂದು ಕೋಳಿ ಜಾಲರಿ ಹೊದಿಸುತ್ತಿದ್ದೆ. ಒಂದು ಬೆಳಿಗ್ಗೆ ಅವರು ಆ ಜಾಲರಿಯ ಆರು ಮೂಲೆಯ ಕಿಂಡಿಯಲ್ಲಿ ಬೆರಳು ಇಟ್ಟು, ಇದೇ ನೋಡ್ರಿ ನಾ ಮಾಡೋದು ಎಂದರು. ಪ್ರತಿ ಗಂಟಿನಲ್ಲಿ ಇದ್ದಿಲಿನ ಒಂದು ಕಣ ಇದೆ ಎಂದುಕೊಳ್ಳಬೇಕಂತೆ. ಇಂಥ ಒಂದೇ ಒಂದು ಹಾಳೆಯಾದರೆ ಅದು ಗ್ರಾಫೀನು. ಪೆನ್ಸಿಲಿನ ಕಡ್ಡಿಯಲ್ಲಿ ಇಂಥವು ಲಕ್ಷಗಟ್ಟಲೆ ಒಂದರ ಮೇಲೊಂದು ಇರುತ್ತವಂತೆ. ಇವರು ಹೊಟ್ಟನ್ನು ಗಾಳಿ ತಾಗದ ಹಾಗೆ ಸುಟ್ಟು, ಅದಕ್ಕೆ ಯೂರಿಯಾ ಬೆರೆಸಿ ಮತ್ತೆ ಸುಟ್ಟು, ಜಾಲರಿಯ ಅಲ್ಲೊಂದು ಇಲ್ಲೊಂದು ಗಂಟಿನಿಂದ ಇದ್ದಿಲನ್ನು ಎಬ್ಬಿಸಿ ಅಲ್ಲಿ ನೈಟ್ರೋಜನ್ ಕೂರಿಸುತ್ತಾರಂತೆ. ಆ ಜಾಗಕ್ಕೆ ಆಕ್ಸಿಜನ್ ಬಂದು ಕೂತು ಚುರುಕಾಗಿ ಕೆಲಸ ಮಾಡುತ್ತದಂತೆ. ಹೊಗೆ ಇಲ್ಲದೆ ಕರೆಂಟ್ ಕೊಡುವ ಒಂದು ಪೆಟ್ಟಿಗೆ ಇದೆಯಂತೆ, ಅದರಲ್ಲಿ ಹೈಡ್ರೋಜನ್, ಆಕ್ಸಿಜನ್ ಕೂಡಿ ಕಡೆಗೆ ಬರುವುದು ನೀರು ಮಾತ್ರ. ಆದರೆ ಈ ಆಕ್ಸಿಜನ್ ಸೋಮಾರಿ, ಅದನ್ನು ಎಬ್ಬಿಸಲು ಪ್ಲಾಟಿನಂ ಬೇಕು, ಅದು ಬಂಗಾರಕ್ಕಿಂತ ತುಟ್ಟಿ. ಆ ಪ್ಲಾಟಿನಂ ಮಾಡುವ ಕೆಲಸವನ್ನು ಯಾವ ಲೋಹವೂ ಇಲ್ಲದ ಬರೀ ಇದ್ದಿಲಿನಿಂದ, ಅದೂ ಸಿರುಗುಪ್ಪದ ಅಕ್ಕಿ ಗಿರಣಿಯ ಹೊಟ್ಟಿನಿಂದ ಮಾಡಿಸಬೇಕು ಎಂಬುದು ಇವರ ಹಟ.

"ನಮ್ಮ ಅಬ್ಬಾ ಜೀವಮಾನೆಲ್ಲಾ ಗಿರಣಿ ಬಾಯ್ಲರಿಗೆ ಹೊಟ್ಟು ತುಂಬಿದ್ರು ಅಕ್ಕಾರ," ಎಂದರು. "ಕಡೀಗೆ ಅವರು ನೋಡಿದ್ದು ಬರೇ ಬೂದಿ."

ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಬೆಳಿಗ್ಗೆ ನಾನು ಲಿಂಗಪೂಜೆಗೆ ಕೂರುವ ಮೊದಲೇ ಮೇಲೆ ಅವರ ನಮಾಜು ಮುಗಿದು, ಬಕೆಟ್ಟಿನಲ್ಲಿ ಹೊಟ್ಟು ತೊಳೆಯುವ ಸದ್ದು ಬರುತ್ತಿತ್ತು. ಮನೆಯ ಮೇಲೆ ಒಬ್ಬರು ಹೀಗೆ ನಿಷ್ಠೆಯಿಂದ ಏನೋ ಮಾಡುತ್ತಿದ್ದಾರೆ ಎಂಬುದೇ ನನಗೊಂದು ಸಮಾಧಾನವಾಗಿತ್ತು.

ಆ ವರ್ಷ ಬೇಸಿಗೆಯಲ್ಲಿ ಅವರ ತಾಯಿ ಜಾರಿ ಬಿದ್ದರು. ಮೇಡಮ್ಮಾರು ಹೊಟ್ಟು ತೊಳೆದು, ಟ್ರೇಗಳಲ್ಲಿ ಹರಡಿ, ಮೇಲೆ ಬಟ್ಟೆ ಮುಚ್ಚಿ ಕೋಣೆಯಲ್ಲಿಟ್ಟು ಅವಸರದಲ್ಲಿ ಸಿರುಗುಪ್ಪಕ್ಕೆ ಹೋದರು. ಕಾಲೇಜಿನ ಒಲೆಯಲ್ಲಿ ಒಣಗಿಸಬೇಕಿದ್ದ ಹೊಟ್ಟು ಅದು. ಎರಡು ದಿನ ಕಳೆದ ಮೇಲೆ ಮೆಟ್ಟಿಲ ತನಕ ಮುಗ್ಗಲು ವಾಸನೆ ಬಂತು. ಕೋಣೆಯ ಇನ್ನೊಂದು ಕೀಲಿ ನನ್ನ ಹತ್ತಿರ ಇತ್ತು. ಪಾಪ, ಇಷ್ಟು ಕಷ್ಟಪಟ್ಟು ತೊಳೆದದ್ದು ಕೊಳೆತು ಹೋಗುತ್ತದಲ್ಲ ಎಂದು ಬಾಗಿಲು ತೆಗೆದೆ. ಯಜಮಾನರ ಹಳೇ ಬಿಳಿ ಧೋತರ ಹಾಸಿ, ಹೊಟ್ಟನ್ನೆಲ್ಲ ಮಾಳಿಗೆ ಮೇಲೆ ಹರಡಿ, ಜಾಲರಿ ಹೊದಿಸಿದೆ. ಮೂರು ದಿನ ಚೊಕ್ಕ ಬಿಸಿಲು. ಸಂಡಿಗೆ ತಿರುವುವ ಹಾಗೆ ಹೊತ್ತುಹೊತ್ತಿಗೆ ಕೈಯಾಡಿಸಿದೆ. ಗರಗರ ಒಣಗಿತು. ತುಂಬಿ ಟ್ರೇಗಳಲ್ಲಿ ಹಾಕಿ, ಬಟ್ಟೆ ಮುಚ್ಚಿ, ಬಾಗಿಲು ಹಾಕಿದೆ.

ಅವರು ಬಂದು ನೋಡಿ, ಬೇಸಿಗೆ ಕಾವಿಗೆ ಕೋಣೆಯಲ್ಲೇ ಒಣಗಿದೆ ಎಂದುಕೊಂಡರು. ಒಳ್ಳೆಯದು ಮಾಡಿ ಬಾಯಿಬಿಟ್ಟು ಹೇಳಿಕೊಳ್ಳಬಾರದು ಎಂದು ನಾನೂ ಸುಮ್ಮನಾದೆ. ಅರ್ಧ ಹೊಟ್ಟು ಕಾಲೇಜಿಗೆ ಹೋಯಿತು, ಉಳಿದರ್ಧ ಒಂದು ಡಬ್ಬಿ ಸೇರಿತು.

ಆ ಹೊಟ್ಟಿನಿಂದ ಬಂದ ಇದ್ದಿಲು ಅವರು ಅದುವರೆಗೆ ಕಾಣದಂಥ ಕೆಲಸ ಮಾಡಿತು. ಪ್ಲಾಟಿನಮ್ಮಿನ ಹತ್ತಿರಹತ್ತಿರಕ್ಕೆ ಬಂತಂತೆ. ಅವರ ಗೈಡು ಬೇರೆ ಊರಿನ ವಿಶ್ವವಿದ್ಯಾಲಯದ ಪ್ರೊಫೆಸರು. ಅವರು ಬೆನ್ನು ಹತ್ತಿ ಪೇಪರ್ ಬರೆಸಿದರು. ಹೊರದೇಶದ ಪತ್ರಿಕೆಯಲ್ಲಿ ಬಂತು. ಮೇಡಮ್ಮಾರು ಪೇಢೆ ತಂದು ಮೊದಲು ನನ್ನ ಕೈಗೆ ಕೊಟ್ಟರು, ನಾನು ದೇವರ ಮುಂದಿಟ್ಟೆ. ಥೀಸಿಸ್ಸು ಒಪ್ಪಿಸಿಯಾಯಿತು. ಕಾಲೇಜಿನಲ್ಲಿ ಅವರು ವರ್ಷಾನುಗಟ್ಟಲೆ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದ ಹುದ್ದೆಯೇ ಖಾಯಂ ಆಗುವುದಿತ್ತು. ಮೌಖಿಕ ಪರೀಕ್ಷೆ ಮುಗಿದು ಡಾಕ್ಟರೇಟ್ ಕೈಗೆ ಬಂದರೆ ಆ ಹುದ್ದೆ ಅವರದೇ ಎಂದು ಎಲ್ಲರೂ ಹೇಳುತ್ತಿದ್ದರು.

ಆಗ ಆ ಪೇಪರ್ ಓದಿದ ಯಾರೋ ಹೊರಗಿನ ವಿಜ್ಞಾನಿಗಳು ಬರೆದು ಕೇಳಿದರು. ನೀವು ಹೇಳಿದ ಹಾಗೇ ಮಾಡಿದೆವು, ನಮಗೆ ಬರಲಿಲ್ಲ, ಹೊಸದಾಗಿ ಮಾಡಿ ತುಸು ಪುಡಿ ಕಳಿಸಿ ಎಂದು. ಮೇಡಮ್ಮಾರು ಮಾಡಿದರು. ಬರಲಿಲ್ಲ. ಮತ್ತೆ ಮಾಡಿದರು. ಡಬ್ಬಿಯದು ಹಳೆಯದೆಂದು ಬಿಟ್ಟು, ಮೂಟೆಯಿಂದ ಹೊಸ ಹೊಟ್ಟು ತೆಗೆದು, ಇನ್ನೂ ಶುದ್ಧವಾಗಿ ತೊಳೆದು, ಇನ್ನೂ ಜೋಪಾನವಾಗಿ ಒಣಗಿಸಿ ಮಾಡಿದರು. ಎಷ್ಟು ಶುದ್ಧ ಮಾಡಿದರೋ ಅಷ್ಟು ಕೆಟ್ಟದಾಗಿ ಬಂತು. ಮಳೆಗಾಲ ಹೋಯಿತು. ಅವರ ಮುಖ ಇಳಿಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ಶುರುವಾಯಿತು. ನಾನು ರೊಟ್ಟಿ ಕೊಟ್ಟರೆ ತಟ್ಟೆ ಮರುದಿನ ಹಾಗೇ ಬರುತ್ತಿತ್ತು. ರೊಟ್ಟಿ ಒಣಗಿ ಸೆಟೆದಿರುತ್ತಿತ್ತು.

ಒಂದು ಮಧ್ಯಾಹ್ನ ಕೆಳಗೆ ಬಂದು, ನಮ್ಮ ನಡುಮನೆಯ ಕಂಬಕ್ಕೆ ಒರಗಿ ನಿಂತು, ಗೈಡು ಕೇಳಿದ ಮಾತು ಹೇಳಿದರು. ಅಂಕಿಗಳನ್ನು ನೀನೇ ತಿದ್ದಿ ಬರೆದಿಯೇನಮ್ಮಾ ಎಂದು ಅವರು ಕೇಳಿದ್ದರಂತೆ. ಅದನ್ನು ಹೇಳುವಾಗ ಮೇಡಮ್ಮಾರ ಬೆರಳುಗಳು ಉಜ್ಜುವುದನ್ನು ನಿಲ್ಲಿಸಿದ್ದವು.

"ಆ ಒಂದು ಸಲ ನಾ ಏನು ಮಾಡಿದ್ದೆ ಅಂತ ನನಗs ತಿಳೀವಲ್ದು ಅಕ್ಕಾರ," ಎಂದರು. "ಬ್ಯಾರೆ ಏನರ ಮಾಡಿದ್ದರ ಹೇಳ್ತಿದ್ದೆ. ಏನೂ ಮಾಡಿಲ್ಲ."

ನಾನು ಎದುರಿಗೇ ಇದ್ದೆ. ಯಾವ ಸಲ ಎಂದು ನನಗೂ ಹೊಳೆಯಲಿಲ್ಲ. ದೇವರಲ್ಲಿ ಬೇಡಿಕೊಳ್ಳುತ್ತೇನೆ ಎಂದೆ.

ಮುಂದಿನ ವಾರ ಅಣ್ಣನ ಮೊಮ್ಮಗುವಿನ ತೊಟ್ಟಿಲಿಗೆ ಕುರುಗೋಡಿಗೆ ಹೋದೆ, ಅದು ನನ್ನ ತವರು. ಬಸ್ಸು ಧೂಳಿನಲ್ಲಿ ಬಂದಿತ್ತು. ಮೈತೊಳೆದುಕೊಂಡು, ಉಟ್ಟು ಬಂದ ತಿಳಿ ಬಣ್ಣದ ಸೀರೆಯನ್ನು ಹಿತ್ತಲಲ್ಲಿ ಬಕೆಟ್ಟಿಗೆ ಅದ್ದಿದೆ. ಹಿಂಡಿ ತೆಗೆದ ಮೇಲೆ ಬಕೆಟ್ಟಿನ ತಳದಲ್ಲಿ ಕೆಂಪಗೆ ರಾಡಿ ಕೂತಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಬಗ್ಗಿ ನೋಡಿದಳು. "ಏನವಾ, ಬಳ್ಳಾರಿ ಗಣೀನ ಸೆರಗಿನ್ಯಾಗ ಕಟಗೊಂಡು ಬಂದೀಯೇನ? ಮಾಲಕರು ಹುಡುಕ್ಯಾಡತಿರತಾರ, ಹೊಳ್ಳಿ ಕೊಟ್ಟು ಬಾ."

ಎಲ್ಲರೂ ನಕ್ಕರು. ನಾನು ಬಕೆಟ್ಟು ನೋಡುತ್ತಾ ನಿಂತೆ. ಬೇಸಿಗೆಯಲ್ಲಿ ಯಜಮಾನರ ಧೋತರ ಒಗೆದಾಗಲೂ ನೀರು ಹೀಗೇ ಕೆಂಪಾಗಿತ್ತು. ಮೂರು ದಿನ ಮಾಳಿಗೆ ಮೇಲೆ ಹಾಸಿದ್ದ ಧೋತರ. ಅದರ ಮೇಲೆ ಹೊಟ್ಟು. ಜಾಲರಿ ಕೋತಿಯನ್ನು ತಡೆದಿತ್ತು, ಧೂಳನ್ನು ತಡೆದಿರಲಿಲ್ಲ. ಯಾವ ಲೋಹವೂ ಇಲ್ಲದ ಇದ್ದಿಲು ಎಂದು ಮೇಡಮ್ಮಾರು ಎಷ್ಟು ಸಲ ಹೇಳಿದ್ದರು.

ತೊಟ್ಟಿಲ ಕಾರ್ಯದಲ್ಲಿ ನನಗೆ ಏನೂ ಸೇರಲಿಲ್ಲ. ಸಂಜೆ ದೊಡ್ಡ ಬಸವಣ್ಣನ ಗುಡಿಗೆ ಹೋಗಿ ಕೂತೆ. ಹೇಳಿದರೆ ಆ ಹೆಣ್ಣುಮಗಳ ಬರಹ, ಪದವಿ, ನೌಕರಿ ಎಲ್ಲ ಮುರಿಯುತ್ತದೆ, ಮುರಿದವಳು ನಾನಾಗುತ್ತೇನೆ. ಹೇಳದಿದ್ದರೆ ಅವರು ಸುಳ್ಳುಗಾರ್ತಿ ಎನಿಸಿಕೊಂಡು, ಕಾರಣ ತಿಳಿಯದೆ ಸುಡುತ್ತಾ ಸುಡುತ್ತಾ ಸೊರಗುತ್ತಾರೆ. ವೈನಿಗೆ ಗುಟ್ಟಾಗಿ ಹೇಳಿ ಕೇಳಿದೆ. ಆಕೆ, ಧೋತರ ಒಗೆದಾಗಿದೆ, ನೀರು ಚೆಲ್ಲಿಯಾಗಿದೆ, ಸುಮ್ಮನೆ ಬಾಯಿ ಮುಚ್ಚಿಕೊಂಡಿರು ಎಂದಳು. ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಅದರ ಮೇಲೆ ಕಣ್ಣು ನಿಲ್ಲಲಿಲ್ಲ. ಮೊದಲ ಬಸ್ಸಿಗೇ ಬಳ್ಳಾರಿಗೆ ಬಂದೆ.

ಮೇಡಮ್ಮಾರು ಕೋಣೆಯಲ್ಲಿದ್ದರು. ನಿಂತೇ ಹೇಳಿದೆ, ಒಂದೇ ಉಸಿರಿಗೆ. ಅವರು ಬೈಯಲಿಲ್ಲ. ಮೂರು ಪ್ರಶ್ನೆ ಕೇಳಿದರು. ಎಷ್ಟು ದಿನ. ಗಾಳಿ ಇತ್ತೋ. ಮತ್ತೆ ತೊಳೆದಿರೇನು. ನಾನು ಉತ್ತರ ಹೇಳಿದ ಹಾಗೆ ಅವರು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡರು. ಕಾಟಿನ ಕೆಳಗಿದ್ದ ಡಬ್ಬಿ ಎಳೆದರು. ಆ ಬೇಸಿಗೆಯ ಉಳಿದರ್ಧ ಹೊಟ್ಟು ಅದರಲ್ಲಿತ್ತು.

"ನೀವೂ ಬರ್ರಿ," ಎಂದರು.

ಭಾನುವಾರ. ಕಾಲೇಜು ಖಾಲಿ. ಪ್ರಯೋಗಶಾಲೆಯ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು, ಅದೇ ಕಡೆ. ಎರಡು ಬಿಳಿ ಪಿಂಗಾಣಿ ಬಟ್ಟಲು ತೆಗೆದರು. ಒಂದರಲ್ಲಿ ಡಬ್ಬಿಯ ಹೊಟ್ಟು. ಇನ್ನೊಂದರಲ್ಲಿ ಅದೇ ಮೂಟೆಯಿಂದ ತೆಗೆದ, ತೊಳೆದು ಒಲೆಯಲ್ಲಿ ಒಣಗಿಸಿದ, ಮಾಳಿಗೆ ಕಾಣದ ಹೊಟ್ಟು. ಎರಡನ್ನೂ ಇಟ್ಟಿಗೆ ಗೂಡಿನಂಥ ಒಂದು ವಿದ್ಯುತ್ ಕುಲುಮೆಯಲ್ಲಿ ಒಟ್ಟಿಗೆ ಇಟ್ಟು ಬಾಗಿಲು ಹಾಕಿದರು. ಈಗ ಗಾಳಿ ತಾಗಿಸಿಯೇ ಸುಡುವುದು, ಇದ್ದಿಲೆಲ್ಲ ಉರಿದು ಹೋಗಿ ಬೂದಿ ಉಳಿಯಬೇಕು ಎಂದರು. ಭತ್ತದ ಹೊಟ್ಟಿನ ಬೂದಿ ಬೆಳ್ಳಗಿರುತ್ತದೆ, ಅದು ನನಗೂ ಗೊತ್ತಿತ್ತು.

ಎರಡು ತಾಸಿನ ಮೇಲಾಯಿತು. ಅವರು ಸ್ಟೂಲಿನ ಮೇಲೆ ಕೂರಲಿಲ್ಲ. ನಾನು ಮನಸ್ಸಿನಲ್ಲೇ ಶಿವನ ಹೆಸರು ಜಪಿಸುತ್ತಿದ್ದೆ. ಏನು ಬೇಡಬೇಕು ಎಂದೇ ತಿಳಿಯಲಿಲ್ಲ. ಎರಡೂ ಬೆಳ್ಳಗೆ ಬರಲಿ ಎಂದರೆ ಅವರು ಸುಳ್ಳುಗಾರ್ತಿಯಾಗಿ ಉಳಿಯುತ್ತಾರೆ. ಒಂದು ಕೆಂಪಗೆ ಬರಲಿ ಎಂದರೆ ಎಲ್ಲ ಹೋಗುತ್ತದೆ. ಕಡೆಗೆ ಏನನ್ನೂ ಬೇಡದೆ ಬರೀ ಹೆಸರು ಹೇಳಿದೆ.

ಕುಲುಮೆ ಆರಿದ ಮೇಲೆ ಅವರು ಉದ್ದನೆಯ ಇಕ್ಕಳದಿಂದ ಬಟ್ಟಲುಗಳನ್ನು ಕಲ್ಲಿನ ಮೇಲೆ ಇಳಿಸಿದರು. ಒಂದು ವಿಭೂತಿಯ ಹಾಗೆ ಬೆಳ್ಳಗೆ. ಇನ್ನೊಂದು ಬಿಳಿಯ ಮೇಲೆ ಕಾವಿ ಬಳಿದ ಹಾಗೆ. ಅವರು ಅಷ್ಟಕ್ಕೇ ಬಿಡಲಿಲ್ಲ. ಎರಡಕ್ಕೂ ಆಸಿಡ್ ಹಾಕಿ ಕಾಸಿ, ಸೋಸಿ, ಒಂದು ಚಿಕ್ಕ ಬಾಟಲಿಯಿಂದ ಎರಡೆರಡು ಹನಿ ಬಿಟ್ಟರು. ಬಿಳಿ ಬೂದಿಯದು ನೀರಿನ ಹಾಗೇ ಉಳಿಯಿತು. ಇನ್ನೊಂದು ನನ್ನ ಕಣ್ಣೆದುರಿಗೆ ರಕ್ತವಾಯಿತು.

"ಕಬ್ಬಣ," ಎಂದರು. ಆ ಗಾಜಿನ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಸುಡುವಾಗ ಆ ಕಬ್ಬಿಣ ನೈಟ್ರೋಜನ್ನಿನ ಪಕ್ಕದಲ್ಲೇ ಹೋಗಿ ಕೂತುಬಿಟ್ಟಿದೆ, ಆಮೇಲೆ ಎಷ್ಟು ತೊಳೆದರೂ ಹೋಗಿಲ್ಲ, ಕೆಲಸ ಮಾಡಿದ್ದು ಅದೇ ಎಂದು ನನಗೆ ಬಿಡಿಸಿ ಹೇಳಿದರು. ಪುಡಿಯನ್ನು ಹೊರಗೆ ಪರೀಕ್ಷೆಗೆ ಕಳಿಸಿದ್ದಾಗ ಅಲ್ಲಿನ ಯಂತ್ರಕ್ಕೆ ಅಷ್ಟು ಕಡಿಮೆ ಕಬ್ಬಿಣ ಕಂಡಿರಲಿಲ್ಲವಂತೆ. ಕಾಣಲಿಲ್ಲ ಎಂದು ಬರೆಯುವ ಕಡೆ ಇವರು ಲೋಹ ಇಲ್ಲ ಎಂದು ಬರೆದುಬಿಟ್ಟಿದ್ದರು.

"ಜೀವಮಾನದಾಗ ಒಂದs ಸಲ, ಸರಿಯಾಗಿ ನೋಡದ ಇಲ್ಲ ಅಂದೆ ಅಕ್ಕಾರ. ಅದೂ ಅಚ್ಚಿನ್ಯಾಗ."

ಆ ಸಂಜೆ ಗೈಡಿಗೆ ಫೋನು ಮಾಡಿದರು. ನಾನು ಮಾಳಿಗೆ ಮೇಲೆ ಬಟ್ಟೆ ತೆಗೆಯುತ್ತಿದ್ದೆ, ಈ ಕಡೆಯ ಮಾತು ಕೇಳಿಸುತ್ತಿತ್ತು, ಆ ಕಡೆಯದು ಆಮೇಲೆ ಅವರೇ ಹೇಳಿದರು. ಗೈಡಿಗೆ ಜೀವ ಬಂದಂತಾಯಿತಂತೆ. ಸದ್ಯ, ಅಂಕಿ ಸುಳ್ಳಲ್ಲ. ಹಳೇ ಪುಡಿ ಇನ್ನೂ ಉಳಿದಿದೆಯಲ್ಲ, ಅದನ್ನೇ ಆ ಹೊರಗಿನವರಿಗೆ ಕಳಿಸು, ಅವರ ಬಳಿಯೂ ಅದು ಕೆಲಸ ಮಾಡುತ್ತದೆ, ಮುಗಿಯಿತು. ಯಾರು ಬಳ್ಳಾರಿಗೆ ಬಂದು ನಿನ್ನ ಮಾಳಿಗೆ ನೋಡುತ್ತಾರೆ. ಮೊದಲು ಪರೀಕ್ಷೆ ಮುಗಿಸು, ಹುದ್ದೆ ಹಿಡಿ, ಕಬ್ಬಿಣದ ಮಾತು ಆಮೇಲೆ ಹೊಸ ಪೇಪರಿನಲ್ಲಿ ಬರೆಯೋಣ ಎಂದರಂತೆ.

ನನಗೂ ಅದೇ ಸರಿ ಎನ್ನಿಸಿತು. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಬಸವಣ್ಣನ ಮುಂದೆ ಕೂತು ಸತ್ಯ ಹೇಳುವ ಧೈರ್ಯ ಬೇಡಿ ಬಂದವಳು, ಹೇಳಿ ಹಗುರಾದ ಮೇಲೆ, ಅವರು ಸುಮ್ಮನಿದ್ದರೆ ಸಾಕು ಎಂದು ಕೈಮುಗಿದೆ. ತಪ್ಪು ನನ್ನದು, ನಿಮ್ಮ ಅನ್ನ ಯಾಕೆ ಕಳೆದುಕೊಳ್ಳುತ್ತೀರಿ, ಹುದ್ದೆ ಬಂದ ಮೇಲೆ ಹೇಳಿರಿ ಎಂದೆ.

"ಅಕ್ಕಾರ, ಆ ಪೇಪರಿನ ಹೆಸರಿನ್ಯಾಗs ಲೋಹ ಇಲ್ಲ ಅಂತ ಐತಿ," ಎಂದರು. "ಅದನ್ನ ಹಣಿಮ್ಯಾಲೆ ಬರಕೊಂಡು ನಾ ಪರೀಕ್ಷಾದಾಗ ಕುಂದರ್ಲ್ಯಾ? ಅವರು ಕೇಳ್ತಾರ, ನಾ ಏನಂತ ಹೇಳ್ಲಿ? ನೋಡಿಲ್ರಿ ಅನ್ನಾಕ ಬರಂಗಿಲ್ಲ. ಈಗ ನೋಡೇನಿ."

ಪತ್ರವನ್ನು ನಮ್ಮ ನಡುಮನೆಯ ಮೇಜಿನ ಮೇಲೇ ಬರೆದರು. ಇಂಗ್ಲಿಷಿನಲ್ಲಿ ಬರೆದು ನನಗೆ ಕನ್ನಡದಲ್ಲಿ ಹೇಳಿದರು. ಆ ಹೊಟ್ಟು ಕಬ್ಬಿಣದ ಅದಿರು ಸಾಗಿಸುವ ಊರಿನಲ್ಲಿ ಮೂರು ದಿನ ತೆರೆದ ಮಾಳಿಗೆಯ ಮೇಲೆ ಒಣಗಿತ್ತು, ಲೇಖಕಿ ಅದನ್ನು ಪರೀಕ್ಷಿಸಿರಲಿಲ್ಲ, ಪೇಪರನ್ನು ಹಿಂದಕ್ಕೆ ಪಡೆಯುತ್ತಿದ್ದಾಳೆ. ಒಣಹಾಕಿದವರು ಯಾರು ಎಂದು ಬರೆದಿರಲಿಲ್ಲ. ಬರೆಯಿರಿ ಎಂದೆ. ಪೇಪರಿನ ಮೇಲೆ ಹೆಸರು ನನ್ನದಿದೆ, ನೋಡುವ ಕೆಲಸವೂ ನನ್ನದೇ ಎಂದರು. ಗೈಡಿಗೆ ಸಹಿ ಹಾಕದೆ ಬೇರೆ ದಾರಿ ಉಳಿಯಲಿಲ್ಲ.

ಪರೀಕ್ಷೆ ನಿಂತಿತು. ಥೀಸಿಸ್ಸು ತಿರುಗಿ ಬಂತು. ಹುದ್ದೆಗೆ ಬೇರೊಬ್ಬರು ಬಂದರು. ತಂಗಿ ಸಿರುಗುಪ್ಪದಿಂದ ಬಂದು, ನಮ್ಮ ಗೇಟಿನಲ್ಲಿ ನಿಂತು, ಹೊಟ್ಟು ಮುಟ್ಟಿದ ಕೈ ಸೇದಿ ಹೋಗಲಿ ಎಂದು ನನಗೆ ಶಾಪ ಹಾಕಿ ಹೋದಳು. ಆಕೆಯ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ.

ಮೇಡಮ್ಮಾರು ಇನ್ನೆರಡು ವರ್ಷ ನಮ್ಮಲ್ಲೇ ಇದ್ದರು, ಆ ಎರಡು ವರ್ಷ ಅವರು ಬೇರೆ ಮನೆ ಹುಡುಕಲಿಲ್ಲ ಎಂಬುದನ್ನು ನಾನು ದೇವರ ದಯೆಯ ಲೆಕ್ಕಕ್ಕೇ ಸೇರಿಸಿದ್ದೇನೆ. ಈ ಸಲ ಕಬ್ಬಿಣವನ್ನು ತೂಗಿ ತೂಗಿ ಹಾಕಿದರು. ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು, ಒಮ್ಮೆ ಸ್ವಲ್ಪವೂ ಇಲ್ಲದೆ. ಬೇರೆ ಊರಿನವರು ಕಬ್ಬಿಣ ಖರೀದಿ ಮಾಡಿ ಹಾಕ್ತಾರ, ನಮ್ಮೂರಾಗ ಗಾಳಿ ಪುಕ್ಕಟೆ ತಂದು ಹಾಕ್ತೈತಿ ಎಂದು ಯಜಮಾನರ ಜೊತೆ ತಾವೇ ಚೇಷ್ಟೆ ಮಾಡಿಕೊಳ್ಳುತ್ತಿದ್ದರು. ಡಾಕ್ಟರೇಟ್ ಬಂತು. ಅಷ್ಟರಲ್ಲಿ ಬೇರೆ ದೇಶದವರು ಅದೇ ಸಂಗತಿ ತಾವೂ ಕಂಡು ಅಚ್ಚು ಹಾಕಿಸಿದ್ದರು. ಇವರ ಕೈಗೆ ಉಳಿದದ್ದು ಸಿರುಗುಪ್ಪದ ಒಂದು ಪಿಯು ಕಾಲೇಜಿನ ಪಾಠ. ಅವರು ಕೋಣೆ ಖಾಲಿ ಮಾಡಿದ ವರ್ಷವೇ ಗಣಿಯೂ ನಿಂತು ಲಾರಿಗಳು ಕಡಿಮೆಯಾದವು.

ಎರಡು ವರ್ಷದ ಹಿಂದೆ ಸಿರುಗುಪ್ಪಕ್ಕೆ ಒಂದು ಮದುವೆಗೆ ಹೋದವಳು ಅವರ ಮನೆ ಹುಡುಕಿಕೊಂಡು ಹೋದೆ. ಕಾಲುವೆ ದಂಡೆಯ ಓಣಿ. ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದರು. ಕೂದಲು ಬೆಳ್ಳಗಾಗಿತ್ತು, ಉಗುರೂ ಬೆಳ್ಳಗಾಗಿತ್ತು. ಚಹಾ ತಂದಿಟ್ಟರು. ಅದೂ ಇದೂ ಮಾತಾಡಿದ ಮೇಲೆ, ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ. ನಾನು ಅವತ್ತು ಹೇಳದೆ ಇದ್ದಿದ್ದರೆ ನಿಮ್ಮ ಬಾಳು ಚೆನ್ನಾಗಿರುತ್ತಿತ್ತೇನ್ರಿ?

ಅವರು ಪೆನ್ನಿನ ಟೊಪ್ಪಿ ಹಾಕಿದರು. "ನೀವು ಹೇಳದಿದ್ದರ ನಾ ಇನ್ನೂ ಆ ಹೊಟ್ಟು ಸುಡಕೋತ ಕುಂತಿರ್ತಿದ್ದೆ. ಸುಳ್ಳುಗಾರ್ತಿ ಅನಿಸಿಕೊಂಡು. ಅದರಾಗಿಂದ ನನ್ನ ಬಿಡಿಸಿದವರು ನೀವು."

ನನ್ನ ಕಣ್ಣು ತುಂಬಿತು. ನಾನು ಕೈಮುಗಿಯಲು ಹೋದೆ, ಅವರ ಮಾತು ಇನ್ನೂ ಮುಗಿದಿರಲಿಲ್ಲ.

"ಆದ್ರ ಒಂದು ಮಾತ್ರ ನನಗ ಇವತ್ತಿಗೂ ಆಗಿಬರಂಗಿಲ್ಲ. ನನ್ನ ಕೋಣಿ ಬಾಗಲಾ ಕೇಳದ ತಗದ್ರಿ. ನಮ್ಮವ್ವ ಬಿದ್ದಿದ್ಲು, ನಾ ಸತ್ತಿರಲಿಲ್ಲ. ಒಂದು ಫೋನು ಮಾಡಬೇಕಿತ್ರಿ."

ಧೂಳಿಗಾಗಿ ನಾನು ಅವರ ಮುಂದೆ, ದೇವರ ಮುಂದೆ ಎಷ್ಟು ಸಲ ಕ್ಷಮೆ ಕೇಳಿದ್ದೆನೋ ಲೆಕ್ಕವಿಲ್ಲ. ಧೂಳು ಊರಿನದು. ಬಾಗಿಲು ತೆಗೆದ ಕೈ ನನ್ನದು, ಅದಕ್ಕೆ ಒಮ್ಮೆಯೂ ಕೇಳಿರಲಿಲ್ಲ. ಅದನ್ನು ಉಪಕಾರ ಎಂದೇ ತಿಳಿದಿದ್ದೆ.

"ತಪ್ಪಾತ್ರಿ ಮೇಡಮ್ಮಾರ," ಎಂದೆ.

ಅವರು ಕಪ್ಪನ್ನು ನನ್ನ ಕಡೆಗೆ ಸರಿಸಿ, "ಆರತೈತಿ, ಕುಡೀರಿ," ಎಂದರು. ನಾನು ಕುಡಿದೆ. ಅವರು ಮತ್ತೆ ಪೆನ್ನು ತೆಗೆದರು.

ಮೊನ್ನೆ ಫೋನಿನಲ್ಲಿ ಅವರ ತಂಗಿ ಹೇಳುವುದನ್ನೆಲ್ಲ ಹೇಳಿ ಮುಗಿಸಿದಳು. ನಾಳೆ ನಿಮ್ಮ ಮನೆಗೆ ಬರಲೇನಮ್ಮಾ ಎಂದು ಕೇಳಿದೆ. ಫೋನು ಇಟ್ಟಳೋ ಎಂದುಕೊಂಡೆ. ಇಟ್ಟಿರಲಿಲ್ಲ. "ಬರ್ರಿ," ಎಂದಳು.

ಅಷ್ಟರಲ್ಲಿ ಹಿತ್ತಲ ನಳದಲ್ಲಿ ಗಾಳಿ ಸದ್ದು ಮಾಡಿತು. ವಾರದ ಮೇಲೆ ನೀರು ಬಿಟ್ಟಿದ್ದರು. ಎದ್ದು ಹೋಗಿ ಕೊಡಗಳನ್ನು ತೊಳೆದು ಸಾಲಾಗಿ ಇಟ್ಟು, ಮೊದಲನೆಯದನ್ನು ನಳದ ಕೆಳಗೆ ಹಿಡಿದೆ.